ಒಕ್ಕೂಟ ಬಿಟ್ಟ ಬ್ರಿಟನ್‌ಗೆ ನಷ್ಟ ಆಗಿದ್ದು ಎಲ್ಲಿ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಬನ್ನಿ, ಮಾತಾಡೋಣ

ಉದ್ಯಮಬಾಗದವ, ಬೆಳಗಾವಿ:

ಹೋದ ವಾರ ಇಲ್ಲಿ ಒಬ್ಬರು ಬರೆದಿದ್ದರು: ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಿತು, ಆದರೂ ಏನೂ ಮುಳುಗಿಲ್ಲ, ನಮ್ಮ ದೇಶಕ್ಕೂ ಯಾವ ಒಕ್ಕೂಟದ ಹಂಗೂ ಬೇಡ ಅಂತ. ತುಂಬಾ ಜನ ಹೌದು ಹೌದು ಅಂದರು. ನನಗೆ ಸುಮ್ನೆ ಇರೋಕೆ ಆಗಲಿಲ್ಲ. ನಾನು ಲೋಹ ಎರಕ ಹೊಯ್ಯುವ ಫೌಂಡ್ರಿಯಲ್ಲಿ ರಫ್ತಿನ ಕಾಗದಪತ್ರ ನೋಡುವವನು, ಈ ವಿಷಯ ನನ್ನ ದಿನದ ಕೆಲಸಕ್ಕೆ ಬಹಳ ಹತ್ತಿರ.

ಮೊದಲು ನಡೆದದ್ದು ಹೇಳ್ತೀನಿ. 2016ರ ಜೂನ್ 23ಕ್ಕೆ ಜನಮತ ಆಯ್ತು. ಹೊರಬರೋಣ ಅಂದವರು ಶೇ. 51.9, ಇರೋಣ ಅಂದವರು ಶೇ. 48.1. ಮರುದಿನವೇ ಪೌಂಡ್ ಬೆಲೆ ಕುಸಿಯಿತು. ಆದರೆ ಕಾನೂನು ಪ್ರಕಾರ ಹೊರಬಂದದ್ದು 2020ರ ಜನವರಿ 31ಕ್ಕೆ, ಹಳೇ ವ್ಯವಸ್ಥೆ ಪೂರ್ತಿ ನಿಂತದ್ದು ಅದೇ ವರ್ಷದ ಡಿಸೆಂಬರ್ 31ಕ್ಕೆ. ಅಂದರೆ ನಾಲ್ಕೂವರೆ ವರ್ಷ ಅಲ್ಲಿನ ಕಂಪನಿಗಳಿಗೆ ನಾಳೆ ಯಾವ ನಿಯಮ ಬರುತ್ತೆ ಅಂತಲೇ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಹೊಸ ಮಶಿನ್‌ಗೆ ಯಾರು ದುಡ್ಡು ಹಾಕ್ತಾರೆ?

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಹೊರಬಂದ ಮೇಲೂ ಸುಂಕ ಬೀಳಲಿಲ್ಲ. 2020ರ ಡಿಸೆಂಬರ್ ಕೊನೆಗೆ ಸಹಿ ಆದ ಒಪ್ಪಂದದ ಪ್ರಕಾರ, ಬ್ರಿಟನ್‌ನಲ್ಲೇ ತಯಾರಾದದ್ದು ಅಂತ ತೋರಿಸಿದರೆ ಆ ಮಾಲಿಗೆ ಯುರೋಪಿನಲ್ಲಿ ಸುಂಕ ಸೊನ್ನೆ. ಅಲ್ಲಿಂದ ಬರುವ ಮಾಲಿಗೂ ಹಾಗೇ. ಸುಂಕ ಇಲ್ಲದೇನೇ ಅಲ್ಲಿನ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ ಅಂದರೆ ಪೆಟ್ಟು ಬೇರೆ ಕಡೆಯಿಂದ ಬಂದಿರಬೇಕು ಅಲ್ವಾ? ಅದು ಬಂದದ್ದು ಕಾಗದದಿಂದ ಮತ್ತು ಕಾಯುವುದರಿಂದ.

ಒಂದು ವಾಲ್ವ್ ಬಾಡಿ ತೊಗೊಳ್ಳಿ. ನಮ್ಮಲ್ಲಿಂದ ಹೊರದೇಶಕ್ಕೆ ಹೋಗಬೇಕಾದರೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಮಾಲು ಯಾವ ಬಗೆಯದು ಅಂತ ಹೇಳುವ ಸರಿಯಾದ ಎಚ್‌ಎಸ್ ಕೋಡ್, ಎರಕದ ಯಾವ ಸುತ್ತಿನದು ಅನ್ನೋ ಹೀಟ್ ನಂಬರ್ ಹಾಕಿದ ಟೆಸ್ಟ್ ಸರ್ಟಿಫಿಕೇಟ್, ಮಾಲು ಯಾವ ದೇಶದಲ್ಲಿ ತಯಾರಾಯ್ತು ಅನ್ನೋ ಮೂಲ ಪ್ರಮಾಣಪತ್ರ ಎಲ್ಲ ಬೇಕು. ಅದನ್ನು ಇಟ್ಟ ಮರದ ಪೆಟ್ಟಿಗೆಗೂ ಒಂದು ನಿಯಮ ಇದೆ. ಮರದಲ್ಲಿ ಹುಳ ಉಳಿಯದಂತೆ ಬಿಸಿ ಮಾಡಿ, ಮಾಡಿದ್ದಕ್ಕೆ ಪೆಟ್ಟಿಗೆ ಮೇಲೆ ಮುದ್ರೆ ಹಾಕಿರಬೇಕು. ಮುದ್ರೆ ಮಸುಕಾಗಿದ್ದರೂ ಬಂದರಿನಲ್ಲಿ ಮಾಲು ನಿಲ್ಲಬಹುದು, ಒಳಗಿರುವ ಎರಕ ಎಷ್ಟೇ ಚೆನ್ನಾಗಿರಲಿ. ನಮಗೆ ಇದೆಲ್ಲ ಮೊದಲಿನಿಂದ ರೂಢಿ, ಇದಕ್ಕಂತಲೇ ಜನ ಇಟ್ಟುಕೊಂಡಿದ್ದೇವೆ, ಆ ಖರ್ಚನ್ನು ರೇಟಿನಲ್ಲೇ ಸೇರಿಸಿರುತ್ತೇವೆ. ಬ್ರಿಟನ್‌ನ ಸಣ್ಣ ವರ್ಕ್‌ಶಾಪ್‌ನವನು 2020ರ ತನಕ ಬಿಲ್ ಬರೆದು ಲಾರಿಗೆ ಏರಿಸಿದರೆ ಮಾಲು ಜರ್ಮನಿಗೆ ಹೋಗುತ್ತಿತ್ತು. 2021ರ ಜನವರಿ 1ರಿಂದ ಅವನೂ ಕಸ್ಟಮ್ಸ್ ಕಾಗದ ತುಂಬಬೇಕಾಯ್ತು, ಆ ಪೆಟ್ಟಿಗೆಯ ಮುದ್ರೆ ತನಕ ಎಲ್ಲವನ್ನೂ ನೋಡಿಕೊಳ್ಳಬೇಕಾಯ್ತು.

ದೊಡ್ಡ ಕಂಪನಿ ಇದಕ್ಕೆ ಒಂದು ವಿಭಾಗ ತೆರೆಯುತ್ತೆ. ಎಂಟು ಹತ್ತು ಜನ ಇರುವ ಕಡೆ ಏನು ಮಾಡ್ತಾರೆ? ರಫ್ತನ್ನೇ ಬಿಡ್ತಾರೆ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2024ರಲ್ಲಿ ಕಸ್ಟಮ್ಸ್ ಲೆಕ್ಕ ಹಿಡಿದು ಹೇಳಿದ್ದು ಇದನ್ನೇ. ಮೊದಲು ಯುರೋಪಿಗೆ ಮಾಲು ಕಳಿಸುತ್ತಿದ್ದ ಕಂಪನಿಗಳಲ್ಲಿ ಸುಮಾರು ಶೇ. 14, ಅಂದರೆ 16,400 ಕಂಪನಿಗಳು, ಕಳಿಸೋದನ್ನೇ ನಿಲ್ಲಿಸಿದವು. ದೊಡ್ಡವರು ತಡೆದುಕೊಂಡರು. ಮುಳುಗಿಲ್ಲ ಅನ್ನುವವರು ಆ ದೊಡ್ಡವರನ್ನು ಮಾತ್ರ ನೋಡುತ್ತಿದ್ದಾರೆ. ಕೈಬಿಟ್ಟ 16,400 ಕಂಪನಿಗಳ ಬಗ್ಗೆ ಯಾವ ಪೇಪರಿನಲ್ಲೂ ಒಂದೊಂದೇ ಸುದ್ದಿ ಬರಲ್ಲ.

ತಿಕೋಟಾ ದ್ರಾಕ್ಷಿ, ವಿಜಯಪುರ:

ತಮ್ಮಾ, ನೀನು ಮಾಲು ಕಳಿಸುವ ಕಡೆ ನಿಂತು ಹೇಳಿದಿ. ನಾನು ಮಾಲು ಬಂದು ಬೀಳುವ ಕಡೆಯವ.

ನಮ್ಮಲ್ಲಿ ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮನೂಕ ಸಿಗುತ್ತೆ. ಗೊನೆ ಕೊಯ್ದು, ಡಿಪ್ಪಿಂಗ್ ಎಣ್ಣೆ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಕಲಸಿದ ನೀರಲ್ಲಿ ಅದ್ದಿ, ಶೆಡ್ಡಿನ ಬಲೆ ಮೇಲೆ ಹರವಿ, ಎರಡು ವಾರ ಕಾಯಬೇಕು. ಆ ನಡುವೆ ಒಂದು ಅಕಾಲ ಮಳೆ ಬಂದರೆ ಬಣ್ಣ ಹೋಯ್ತು, ರೇಟೂ ಹೋಯ್ತು. ಇಷ್ಟೆಲ್ಲ ಮಾಡಿ ತಾಸಗಾಂವ್, ಸಾಂಗ್ಲಿ ಮಾರ್ಕೆಟ್ಟಿಗೆ ಒಯ್ದರೆ ದಲಾಲಿ ಅಂಗಡಿಯವರು ಅಫ್ಘಾನ್ ಮಾಲು ಬಂದಿದೆ ಅಂತ ರೇಟು ಇಳಿಸ್ತಾರೆ. ಅಫ್ಘಾನಿಸ್ತಾನದ ಒಣಹಣ್ಣಿಗೆ 2003ರ ಒಪ್ಪಂದದಿಂದ ಸುಂಕದಲ್ಲಿ ರಿಯಾಯಿತಿ ಇದೆ. ಒಪ್ಪಂದ ಅನ್ನೋ ಮಾತು ಕೇಳಿದರೇ ನಮಗೆ ಸಂಕಟ ಆಗೋದು ಇದಕ್ಕೆ.

2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಮೋದಿಯವರು ಆರ್‌ಸಿಇಪಿ, ಅಂದರೆ ಚೀನಾ, ನ್ಯೂಜಿಲೆಂಡ್ ಎಲ್ಲ ಇರುವ ವ್ಯಾಪಾರ ಒಪ್ಪಂದ, ಸೇರಲ್ಲ ಅಂದರಲ್ಲ, ಆಗ ನಮ್ಮ ಕಡೆ ಡೈರಿಗೆ ಹಾಲು ಹಾಕುವವರೆಲ್ಲ ಉಸಿರು ಬಿಟ್ಟರು. ನ್ಯೂಜಿಲೆಂಡ್ ಹಾಲಿನ ಪುಡಿ ಸುಂಕವಿಲ್ಲದೆ ಬಂದಿದ್ದರೆ ಎರಡು ಎಮ್ಮೆ ಕಟ್ಟಿಕೊಂಡವರ ಗತಿ ಏನು? ಹಾಗಾಗಿ ಹೊರಗಿರೋದೇ ತಪ್ಪು ಅಂತ ಹೇಳಬೇಡ.

ಉದ್ಯಮಬಾಗದವ, ಬೆಳಗಾವಿ:

ಕಾಕಾ, ಸೇರಬಾರದು ಅನ್ನೋದಕ್ಕೆ ನಿಮ್ಮ ಹತ್ತಿರ ಗಟ್ಟಿ ಕಾರಣ ಇದೆ, ನಾನು ಅದನ್ನು ತಳ್ಳಿಹಾಕಲ್ಲ. ಆದರೆ ಸೇರದೇ ಇರೋದು ಬೇರೆ, 1973ರಿಂದ 47 ವರ್ಷ ಒಳಗಿದ್ದು ಎದ್ದು ಬರೋದು ಬೇರೆ. ಅಷ್ಟು ವರ್ಷದಲ್ಲಿ ಕಾರ್ಖಾನೆ ಎಲ್ಲಿ ಕಟ್ಟಬೇಕು, ಯಾವ ಭಾಗ ಯಾರಿಂದ ತರಬೇಕು, ಎಷ್ಟು ದಿನದ ಸ್ಟಾಕ್ ಇಡಬೇಕು ಎಲ್ಲವೂ ಗಡಿ ಇಲ್ಲ ಅನ್ನೋ ನಂಬಿಕೆ ಮೇಲೆ ನಿಂತಿರುತ್ತೆ.

ಜಿಎಸ್‌ಟಿ ಮುಂಚೆ ಮಹಾರಾಷ್ಟ್ರ ಗಡಿಯಲ್ಲಿದ್ದ ಕೊಗನೊಳ್ಳಿ ಚೆಕ್‌ಪೋಸ್ಟ್ ನೆನಪಿದೆಯಲ್ಲ? ಲಾರಿಗಳ ಸಾಲು, ಡ್ರೈವರ್ ಕೈಯಲ್ಲಿ ಫಾರ್ಮ್‌ಗಳ ಕಟ್ಟು. 2017ರ ಜುಲೈ 1ರ ನಂತರ ಆ ತಪಾಸಣೆ ಹೋಯ್ತು. ಈಗ ಕೊಲ್ಹಾಪುರದ ಫೌಂಡ್ರಿಗಳೂ ಬೆಳಗಾವಿಯ ಫೌಂಡ್ರಿಗಳೂ ಒಂದೇ ಊರಿನವರಂತೆ ಕೆಲಸ ಮಾಡ್ತಾರೆ. ಪ್ಯಾಟರ್ನ್ ಒಂದು ಕಡೆ, ಎರಕ ಇನ್ನೊಂದು ಕಡೆ, ಮಶಿನಿಂಗ್ ಮತ್ತೊಂದು ಕಡೆ. ಬೆಳಿಗ್ಗೆ ಫೋನ್ ಮಾಡಿದರೆ ಸಂಜೆಗೆ ಮಾಲು ಬರುತ್ತೆ. ನಾಳೆ ಆ ಚೆಕ್‌ಪೋಸ್ಟ್ ಮತ್ತೆ ಬಂತು ಅಂದುಕೊಳ್ಳಿ. ತೆರಿಗೆ ಒಂದು ರೂಪಾಯಿ ಇಲ್ಲ, ಬರೀ ಕಾಗದ ತೋರಿಸಿ ಹೋಗಬೇಕು, ಆದರೆ ಎರಡು ತಾಸೋ ಎರಡು ದಿನವೋ ಗೊತ್ತಿಲ್ಲ. ಆಗ ಪ್ರತಿಯೊಬ್ಬರೂ ಗೋದಾಮಿನಲ್ಲಿ ಜಾಸ್ತಿ ಸ್ಟಾಕ್ ಇಡಬೇಕು, ಅದಕ್ಕೆ ಬ್ಯಾಂಕಿನಿಂದ ಜಾಸ್ತಿ ಸಾಲ ತರಬೇಕು, ಕೊಲ್ಹಾಪುರದ ಒಳ್ಳೆ ಮಶಿನ್ ಶಾಪ್ ಬಿಟ್ಟು ಇಲ್ಲೇ ಸಿಗುವ ಸಾಧಾರಣ ಶಾಪ್‌ಗೆ ಕೆಲಸ ಕೊಡಬೇಕು. ಯಾರೂ ಬಾಗಿಲು ಹಾಕಲ್ಲ. ಎಲ್ಲರ ಕೆಲಸವೂ ಸ್ವಲ್ಪ ನಿಧಾನ ಆಗುತ್ತೆ, ಸ್ವಲ್ಪ ದುಬಾರಿ ಆಗುತ್ತೆ. ಬ್ರಿಟನ್‌ಗೆ ಆದದ್ದು ಇದು.

ಮುಧೋಳ ಮಾಸ್ತರ, ಬಾಗಲಕೋಟೆ:

ಇಬ್ಬರ ಮಾತೂ ಓದಿದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನಾಗಿ ಸ್ವಲ್ಪ ಲೆಕ್ಕ ಸೇರಿಸ್ತೀನಿ.

ಉದ್ಯಮಬಾಗದವರು ಹೇಳಿದ ಆ ನಿಧಾನ, ಆ ದುಬಾರಿ, ಇದನ್ನೇ ನಾವು ಉತ್ಪಾದಕತೆ ಕುಂದಿತು ಅನ್ನೋದು. ಒಂದು ತಾಸು ದುಡಿದರೆ ಎಷ್ಟು ಬೆಲೆಯ ಮಾಲು ಅಥವಾ ಸೇವೆ ಹುಟ್ಟುತ್ತೆ ಅನ್ನೋದೇ ಉತ್ಪಾದಕತೆ. ಕೂಲಿ ಏರಬೇಕಾದರೆ ಕೊನೆಗೆ ಇದು ಏರಲೇಬೇಕು. ಬ್ರಿಟನ್ ಸರ್ಕಾರದ ಬಜೆಟ್ ಲೆಕ್ಕ ಪರಿಶೀಲಿಸುವ ಒಬಿಆರ್ ಅನ್ನೋ ಸಂಸ್ಥೆ ಇದೆ. ಒಕ್ಕೂಟದಲ್ಲೇ ಇದ್ದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ದೀರ್ಘಕಾಲದಲ್ಲಿ ಉತ್ಪಾದಕತೆ ಶೇ. 4 ಕಮ್ಮಿ, ಆಮದು ರಫ್ತು ಶೇ. 15 ಕಮ್ಮಿ ಅನ್ನೋದು ಅವರ ಅಂದಾಜು. 2025ರ ನವೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಅವರ ಜೊತೆಗಾರರು ಇನ್ನೂ ಜೋರಾದ ಅಂಕಿ ಕೊಟ್ಟರು. 2025ರ ಹೊತ್ತಿಗೆ ಜಿಡಿಪಿ ಶೇ. 6ರಿಂದ 8 ಕಮ್ಮಿ, ಬಂಡವಾಳ ಹೂಡಿಕೆ ಶೇ. 12ರಿಂದ 18 ಕಮ್ಮಿ, ಉತ್ಪಾದಕತೆ ಶೇ. 3ರಿಂದ 4 ಕಮ್ಮಿ.

ಇದರಲ್ಲಿ ಹೂಡಿಕೆಯ ಅಂಕಿ ನೋಡಿ, ಅದೇ ಎಲ್ಲಕ್ಕಿಂತ ದೊಡ್ಡದು. ಹಳೇ ಲೇತ್‌ನಲ್ಲೇ ಇನ್ನೈದು ವರ್ಷ ದೂಡೋಣ ಅಂತ ಒಬ್ಬ ಮಾಲೀಕ ತೀರ್ಮಾನ ಮಾಡಿದರೆ ಅವನ ಕೆಲಸಗಾರ ಎಷ್ಟೇ ಜಾಣನಿದ್ದರೂ ತಾಸಿಗೆ ಅಷ್ಟೇ ಪೀಸ್ ತೆಗೆಯಲು ಸಾಧ್ಯ. ಜೊತೆಗೆ ಆಡಳಿತದವರ ಸಮಯ. ಗಡಿ ನಿಯಮ ಬದಲಾದರೆ ಏನು ಮಾಡೋಣ ಅನ್ನೋ ತಯಾರಿಗೇ ಅಲ್ಲಿನ ಕಂಪನಿ ಮುಖ್ಯಸ್ಥರು ವರ್ಷಗಟ್ಟಲೆ ಪ್ರತಿ ವಾರ ಹಲವು ತಾಸು ಕೊಟ್ಟಿದ್ದಾರೆ. ಆ ಹೊತ್ತು ಹೊಸ ಮಾಲಿಗೆ, ಹೊಸ ಗಿರಾಕಿಗೆ ಹೋಗಬೇಕಿತ್ತು. ಇನ್ನೊಂದು ಕಾರಣವನ್ನು ಜನ ಗಮನಿಸಲ್ಲ. ಹೊರದೇಶಕ್ಕೆ ಮಾರುವ ಕಂಪನಿಗಳೇ ಸಾಮಾನ್ಯವಾಗಿ ಚುರುಕಾದವು. ಪೆಟ್ಟು ಅವಕ್ಕೇ ಜಾಸ್ತಿ ಬಿದ್ದರೆ ಇಡೀ ದೇಶದ ಸರಾಸರಿ ತಾನಾಗಿ ಇಳಿಯುತ್ತೆ.

ಜಮಖಂಡಿ ಎಂಜಿನಿಯರ್:

ಮಾಸ್ತರೇ, ಒಂದು ಪ್ರಶ್ನೆ. ನಡುವೆ ಕೋವಿಡ್ ಬಂತು, ಉಕ್ರೇನ್ ಯುದ್ಧ ಬಂತು, ಗ್ಯಾಸ್ ಬೆಲೆ ಗಗನಕ್ಕೆ ಹೋಯ್ತು. ಜರ್ಮನಿ ಒಕ್ಕೂಟದ ಒಳಗೇ ಇದೆ, ಆದರೂ 2023, 2024 ಎರಡೂ ವರ್ಷ ಅದರ ಆರ್ಥಿಕತೆ ಕುಗ್ಗಿತು. ಅದಕ್ಕೆ ಯಾರನ್ನು ಬೈಯೋಣ? 2016ರಲ್ಲಿ ಬ್ರಿಟನ್‌ನ ಖಜಾನೆ ಇಲಾಖೆಯೇ ಹೊರಬರೋಣ ಅಂತ ವೋಟು ಹಾಕಿದರೆ ತಕ್ಷಣ ಹಿಂಜರಿತ ಬರುತ್ತೆ, 5 ಲಕ್ಷ ಕೆಲಸ ಹೋಗುತ್ತೆ ಅಂತ ಹೆದರಿಸಿತ್ತು. ಹಾಗೆ ಆಗಲೇ ಇಲ್ಲ. 2019ಕ್ಕೆ ಅಲ್ಲಿ ನಿರುದ್ಯೋಗ ಶೇ. 4ಕ್ಕಿಂತ ಕೆಳಗಿತ್ತು. ಆಗ ಸುಳ್ಳಾದ ಅಂದಾಜು ಈಗ ಮಾತ್ರ ನಿಜ ಅಂತ ಹೇಗೆ ನಂಬೋದು? ಇದ್ದಿದ್ದರೆ ಹೀಗಿರುತ್ತಿತ್ತು ಅನ್ನೋದನ್ನು ಯಾರು ಕಂಡಿದ್ದಾರೆ?

ಮುಧೋಳ ಮಾಸ್ತರ, ಬಾಗಲಕೋಟೆ:

ಸರಿಯಾದ ಪ್ರಶ್ನೆ ಕೇಳಿದಿರಿ. ಖಜಾನೆ ಇಲಾಖೆಯ ಆ ಎಚ್ಚರಿಕೆ ಸುಳ್ಳಾಯ್ತು, ಅದರಲ್ಲಿ ಎರಡು ಮಾತಿಲ್ಲ. ಅವರು ರಾತ್ರೋರಾತ್ರಿ ಆಗುವ ಆಘಾತ ಹುಡುಕಿದರು. ಆದದ್ದು ವರ್ಷ ವರ್ಷ ಸ್ವಲ್ಪ ಸ್ವಲ್ಪ ಹಿಂದೆ ಬೀಳೋದು. ಜನಮತದ ನಂತರ 2019ರ ತನಕ ಬ್ರಿಟನ್‌ನಲ್ಲಿ ಕಂಪನಿಗಳ ಹೂಡಿಕೆ ಹೆಚ್ಚು ಕಮ್ಮಿ ನಿಂತಲ್ಲೇ ನಿಂತಿತ್ತು. ಕೋವಿಡ್ ಇನ್ನೂ ಹುಟ್ಟಿರಲಿಲ್ಲ, ಯುದ್ಧವೂ ಇರಲಿಲ್ಲ. ಅದೇ ಹೊತ್ತಿಗೆ ಅದರ ಸರಿಸಮಾನ ದೇಶಗಳಲ್ಲಿ ಹೂಡಿಕೆ ಏರುತ್ತಿತ್ತು.

ಇದ್ದಿದ್ದರೆ ಹೇಗಿರುತ್ತಿತ್ತು ಅಂತ ತಿಳಿಯಲು ಒಂದು ದಾರಿ ಇದೆ. 2016ಕ್ಕೆ ಮುಂಚೆ ಬ್ರಿಟನ್ ಥರವೇ ಏರಿಳಿಯುತ್ತಿದ್ದ ದೇಶಗಳನ್ನು ತಕ್ಕ ಪ್ರಮಾಣದಲ್ಲಿ ಸೇರಿಸಿ ಒಂದು ಕಲ್ಪನೆಯ ಬ್ರಿಟನ್ ಕಟ್ಟೋದು, ಆಮೇಲೆ ನಿಜವಾದದ್ದು ಅದರಿಂದ ಎಷ್ಟು ದೂರ ಸರಿಯಿತು ಅಂತ ಅಳೆಯೋದು. ಇದಕ್ಕೆ ನೀವು ಹೇಳಿದ ಆಕ್ಷೇಪ ಅನ್ವಯಿಸುತ್ತೆ, ಯಾವ ದೇಶಗಳನ್ನು ಸೇರಿಸಿದಿರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ನನಗೆ ಹೆಚ್ಚು ಗಟ್ಟಿ ಅನ್ನಿಸೋದು ಇನ್ನೊಂದು ದಾರಿ. ಬ್ರಿಟನ್ ಒಳಗಿನ ಕಂಪನಿಗಳನ್ನೇ ಹೋಲಿಸೋದು. ಯುರೋಪಿನ ಜೊತೆ ಜಾಸ್ತಿ ವ್ಯವಹಾರ ಇದ್ದವರು ಒಂದು ಕಡೆ, ಕಮ್ಮಿ ಇದ್ದವರು ಇನ್ನೊಂದು ಕಡೆ. ಇಬ್ಬರಿಗೂ ಅದೇ ಕೋವಿಡ್, ಅದೇ ಗ್ಯಾಸ್ ಬಿಲ್, ಅದೇ ಬ್ಯಾಂಕ್ ಬಡ್ಡಿ. ಆದರೂ ಮೊದಲ ಗುಂಪಿನವರ ಹೂಡಿಕೆ ಜಾಸ್ತಿ ಕುಂದಿತು. ಇದಕ್ಕೆ ಬೇರೆ ಕಾರಣ ಹುಡುಕೋದು ಕಷ್ಟ.

ಜರ್ಮನಿ ಬಗ್ಗೆ: ಒಕ್ಕೂಟದಲ್ಲಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಇರುತ್ತೆ ಅಂತ ಯಾರೂ ಹೇಳಬಾರದು. ರಷ್ಯಾದ ಗ್ಯಾಸ್ ನಂಬಿ ಕಾರ್ಖಾನೆ ಕಟ್ಟಿದ್ದರ ಫಲ ಅದು ಉಣ್ಣುತ್ತಿದೆ. ಬ್ರಿಟನ್‌ನ ಉತ್ಪಾದಕತೆಯೂ 2008ರ ಹಣಕಾಸು ಬಿಕ್ಕಟ್ಟಿನಿಂದಲೇ ತೆವಳುತ್ತಿತ್ತು. ಆ ಕಾಯಿಲೆ ಹಳೇದು. ಅದು ಇರುವಾಗಲೇ ಇನ್ನೊಂದನ್ನು ತಂದುಕೊಂಡರು ಅನ್ನೋದೇ ನನ್ನ ದುಃಖ.

ಖಾನಾಪುರದಾಕಿ, ಈಗ ಲೆಸ್ಟರ್‌ನಲ್ಲಿ:

ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಒಂದು ಬಟ್ಟೆ ಹೋಲ್‌ಸೇಲ್ ಅಂಗಡಿಯಲ್ಲಿ ಅಕೌಂಟ್ಸ್ ನೋಡ್ತೀನಿ. ಉದ್ಯಮಬಾಗದ ಅಣ್ಣ ಸುಂಕ ಸೊನ್ನೆ ಅಂದರಲ್ಲ, ಅದು ಬ್ರಿಟನ್‌ನಲ್ಲೇ ತಯಾರಾದ ಮಾಲಿಗೆ ಮಾತ್ರ. ನಮ್ಮ ಅಂಗಡಿಗೆ ಬರೋದು ಭಾರತದ ಬಟ್ಟೆ. ಮೊದಲು ಒಂದು ಸಲ ಸುಂಕ ಕಟ್ಟಿ ಇಳಿಸಿಕೊಂಡರೆ ಅದೇ ಬಟ್ಟೆಯನ್ನು ಡಬ್ಲಿನ್‌ಗೂ ಪ್ಯಾರಿಸ್‌ಗೂ ಕಳಿಸಬಹುದಿತ್ತು. ಈಗ ಇಲ್ಲಿ ಸುಂಕ ಕಟ್ಟಿದ ಬಟ್ಟೆಯನ್ನು ಐರ್ಲೆಂಡಿಗೆ ಕಳಿಸಿದರೆ ಅದು ಬ್ರಿಟನ್ ಮಾಲಲ್ಲ ಅಂತ ಅಲ್ಲಿ ಮತ್ತೆ ಸುಂಕ ಬೀಳುತ್ತೆ. ಗಿರಾಕಿಗೆ ಸೈಜು ಸರಿ ಆಗಲಿಲ್ಲ ಅಂತ ಪಾರ್ಸೆಲ್ ವಾಪಸ್ ಬಂದರೆ ಅದಕ್ಕೂ ಕಾಗದ. ನಮ್ಮ ಮಾಲೀಕರು ಐರ್ಲೆಂಡಿನ ಸಣ್ಣ ಅಂಗಡಿಗಳಿಗೆ ಇನ್ನು ಕೊಡಲ್ಲ ಅಂತ ಹೇಳಿಬಿಟ್ಟರು. ವ್ಯಾಪಾರ ನಡೀತಾ ಇದೆ, ಅಂಗಡಿ ತೆರೆದೇ ಇದೆ. ಆದರೆ ಆ ಪಟ್ಟಿಯಲ್ಲಿದ್ದ ಹೆಸರುಗಳು ಹೋದವು.

ಕೆಲಸದವರ ವಿಷಯವೂ ಹೇಳ್ತೀನಿ. ಯುರೋಪಿನಿಂದ ಬರುವ ಡ್ರೈವರ್, ಹಣ್ಣು ಕೀಳುವವರು, ಹೋಟೆಲ್ ಕೆಲಸದವರು ಕಮ್ಮಿ ಆದರು. 2021ರ ಸೆಪ್ಟೆಂಬರ್‌ನಲ್ಲಿ ಲಾರಿ ಡ್ರೈವರ್ ಸಾಲದೆ ಪೆಟ್ರೋಲ್ ಬಂಕ್ ಮುಂದೆ ಕ್ಯೂ ನಿಂತದ್ದು ನಿಮ್ಮಲ್ಲೂ ಟಿವಿಯಲ್ಲಿ ಬಂದಿರಬೇಕು. ಅದರಲ್ಲಿ ಕೋವಿಡ್ ಪಾಲೂ ಇತ್ತು. ಆಮೇಲೆ ಭಾರತ, ನೈಜೀರಿಯಾ ಕಡೆಯಿಂದ ಜನ ಬಹಳ ಬಂದರು. ಜನ ಜಾಸ್ತಿ ಆದರೆ ಒಟ್ಟು ಜಿಡಿಪಿ ಏರಿದ ಹಾಗೆ ಕಾಣುತ್ತೆ. ತಲೆಗೆ ಎಷ್ಟು ಅಂತ ನೋಡಿದರೆ ಚಿತ್ರ ಬೇರೆ. ಸಂಬಳ ಎಷ್ಟು ಏರಿತು ಅಂತ ಇಲ್ಲಿ ಕೇಳಿ ನೋಡಿ.

ರಬಕವಿ ಮಗ್ಗ:

ಅಕ್ಕಾ, ಹಾಗಾದರೆ 2025ರ ಜುಲೈ 24ಕ್ಕೆ ಭಾರತ ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಆಯ್ತಲ್ಲ, ಅದು ಒಕ್ಕೂಟದಲ್ಲಿ ಇದ್ದಿದ್ದರೆ ಬ್ರಿಟನ್‌ಗೆ ಮಾಡಲು ಆಗ್ತಿರಲಿಲ್ಲ. ಅದು ಲಾಭ ಅಲ್ವಾ? ನಮ್ಮ ಬಟ್ಟೆಗೆ ಅಲ್ಲಿ ಸುಂಕ ಇರಲ್ಲ ಅಂತ ನಮಗಂತೂ ಆಸೆ ಹುಟ್ಟಿದೆ.

ಉದ್ಯಮಬಾಗದವ, ಬೆಳಗಾವಿ:

ಲಾಭವೇ. ಬಟ್ಟೆಯವರಿಗೆ ಒಳ್ಳೆಯ ಅವಕಾಶ, ಬಿಡಬೇಡಿ. ಆದರೆ ಬ್ರಿಟನ್ ಕಡೆಯಿಂದ ತೂಗಿ ನೋಡಿ. ಈ ಒಪ್ಪಂದದಿಂದ ದೀರ್ಘಕಾಲದಲ್ಲಿ ತಮ್ಮ ಜಿಡಿಪಿಗೆ ಶೇ. 0.13 ಸೇರುತ್ತೆ ಅಂತ ಅವರ ಸರ್ಕಾರವೇ ಅಂದಾಜು ಮಾಡಿದೆ. ಹೋದದ್ದು ಶೇ. 4 ಅಂತ ಹಿಡಿದರೂ ಅದನ್ನು ತುಂಬಲು ಇಂಥ ಮೂವತ್ತು ಒಪ್ಪಂದ ಬೇಕು. ಅಷ್ಟೊಂದು ಭಾರತಗಳು ಜಗತ್ತಿನಲ್ಲಿ ಇಲ್ಲ. ಪಕ್ಕದಲ್ಲಿರುವ ಮಾರ್ಕೆಟ್ಟಿಗೆ ಟ್ರಕ್ ಒಂದೇ ದಿನದಲ್ಲಿ ಹೋಗಿ ಬರುತ್ತೆ. ಮುಂಬೈಗೆ ಹಡಗು ವಾರಗಟ್ಟಲೆ ಹಿಡಿಯುತ್ತೆ. ದೂರದವರ ಸ್ನೇಹ ಎಷ್ಟೇ ಇದ್ದರೂ ದಿನದ ವ್ಯವಹಾರ ನೆರೆಯವರ ಜೊತೆಗೇ. ಇವತ್ತಿಗೂ ಬ್ರಿಟನ್ ರಫ್ತಿನಲ್ಲಿ ಶೇ. 40ಕ್ಕೂ ಜಾಸ್ತಿ ಹೋಗೋದು ಅದೇ ಯುರೋಪಿಗೆ.

ಮುಧೋಳ ಮಾಸ್ತರ, ಬಾಗಲಕೋಟೆ:

ಹೊರಬಂದವರೆಲ್ಲ ಸೋತರು ಅಂತಲೂ ಇಲ್ಲ, ಅದನ್ನೂ ಹೇಳಲೇಬೇಕು. ಚಿಲಿ ದೇಶ 1976ರಲ್ಲಿ ಆಂಡಿಯನ್ ಒಪ್ಪಂದ ಅನ್ನೋ ದಕ್ಷಿಣ ಅಮೆರಿಕದ ಕೆಲವು ದೇಶಗಳ ಒಕ್ಕೂಟದಿಂದ ಹೊರಬಂತು. ಆ ಒಕ್ಕೂಟ ಹೊರಗಿನ ಮಾಲಿಗೆ ದೊಡ್ಡ ಸುಂಕದ ಗೋಡೆ ಕಟ್ಟುತ್ತಿತ್ತು, ವಿದೇಶಿ ಬಂಡವಾಳಕ್ಕೂ ಕಟ್ಟುಪಾಡು ಹಾಕಿತ್ತು. ಚಿಲಿ ಹೊರಬಂದು 1979ರ ಹೊತ್ತಿಗೆ ಬಹುತೇಕ ಎಲ್ಲದಕ್ಕೂ ಒಂದೇ ಶೇ. 10 ಸುಂಕ ಇಟ್ಟಿತು. ಅಂದರೆ ಇಡೀ ಜಗತ್ತಿಗೆ ಬಾಗಿಲು ತೆರೆಯೋಕೆ ಹೊರಬಂತು. 1982ರಲ್ಲಿ ಸಾಲ ಮತ್ತು ಕರೆನ್ಸಿ ಗಲಾಟೆಯಲ್ಲಿ ಅದು ಭಾರೀ ಪೆಟ್ಟು ತಿಂದದ್ದು ಬೇರೆ ಕಥೆ. ಬ್ರಿಟನ್ ಹೊರಬಂದದ್ದರಿಂದ ಅತಿ ದೊಡ್ಡ ಗಿರಾಕಿಯ ಕಡೆಗಿನ ಬಾಗಿಲೇ ಅರ್ಧ ಮುಚ್ಚಿತು. ಹಾಗಾಗಿ ಯಾವ ದೇಶ ಒಕ್ಕೂಟ ಬಿಡುತ್ತೇನೆ ಅಂದರೂ ನಾನು ಮೊದಲು ಕೇಳೋದು ಒಂದೇ: ಬಿಟ್ಟ ಮೇಲೆ ಗಡಿ ದಾಟೋದು ಸುಲಭ ಆಗುತ್ತಾ, ಕಷ್ಟ ಆಗುತ್ತಾ?

ತಿಕೋಟಾ ಕಾಕಾಗೆ ಒಂದು ಮಾತು. ಆರ್‌ಸಿಇಪಿ ಸೇರದೇ ಇದ್ದುದರಿಂದ ಹಾಲಿನವರಿಗೆ ರಕ್ಷಣೆ ಸಿಕ್ಕಿತು, ನಿಜ. ಆದರೆ ಚೀನಾ ಮಾಲು ನಿಲ್ಲಲಿಲ್ಲ. 2024-25ರಲ್ಲಿ ಚೀನಾ ಜೊತೆ ನಮ್ಮ ವ್ಯಾಪಾರ ಕೊರತೆ ಸುಮಾರು 99 ಬಿಲಿಯನ್ ಡಾಲರ್. ಹೊರಗೆ ಉಳಿದ ಮಾತ್ರಕ್ಕೆ ನಮ್ಮ ಕಾರ್ಖಾನೆಗಳು ತಾವಾಗಿ ಗಟ್ಟಿ ಆಗಲ್ಲ.

ತಿಕೋಟಾ ದ್ರಾಕ್ಷಿ, ವಿಜಯಪುರ:

ಮಾಸ್ತರೇ, ಒಪ್ಪಿದೆ. ಆದರೆ ಒಂದು ಗಮನಿಸಿ. ಬ್ರಿಟನ್ ಹೊರಬಂದಾಗ ಸೋತದ್ದು ಸಣ್ಣ ವರ್ಕ್‌ಶಾಪ್‌ನವನು. ನಮ್ಮಲ್ಲಿ ಒಪ್ಪಂದ ಆದಾಗ ಸೋಲೋದು ಸಣ್ಣ ಬೆಳೆಗಾರ. ಒಳಗೆ ಹೋದರೂ ಹೊರಗೆ ಬಂದರೂ ಮೈಮೇಲೆ ಬೀಳೋದು ಸಣ್ಣವರಿಗೇ. ದೇಶಕ್ಕೆ ಲಾಭ ಆಗುತ್ತೆ ಅಂತ ಹೇಳುವವರು ಅದರಲ್ಲಿ ಅರ್ಧ ಪಾಲಾದರೂ ಪೆಟ್ಟು ತಿಂದವರಿಗೆ ಹೋಗಲಿ ಅಂತ ಯಾಕೆ ಹೇಳಲ್ಲ? ಕೋಲ್ಡ್ ಸ್ಟೋರೇಜ್ ಕೊಡಲಿ, ಒಣಗಿಸೋಕೆ ಒಳ್ಳೆ ಶೆಡ್ಡು ಕೊಡಲಿ, ಶಾಲೆ ಮಕ್ಕಳ ಊಟಕ್ಕೆ ಮನೂಕ ಖರೀದಿಸಲಿ. ಹಾಗೆ ಮಾಡದಿದ್ದರೆ ಜನ ಸಿಟ್ಟಿನಲ್ಲಿ ವೋಟು ಹಾಕ್ತಾರೆ. ಬ್ರಿಟನ್‌ನಲ್ಲೂ ಹಾಗೇ ಆಗಿರಬೇಕು.

ಖಾನಾಪುರದಾಕಿ, ಈಗ ಲೆಸ್ಟರ್‌ನಲ್ಲಿ:

ಕಾಕಾ, ನೀವು ಹೇಳಿದ್ದು ನೂರಕ್ಕೆ ನೂರು. ಹಳೇ ಕಾರ್ಖಾನೆಗಳು ಮುಚ್ಚಿದ ಊರುಗಳಲ್ಲಿ ಎಷ್ಟೋ ಕಡೆ ಹೊರಬರೋಣ ಅನ್ನೋ ವೋಟೇ ಜಾಸ್ತಿ ಬಿತ್ತು. ಅವರ ಸಿಟ್ಟಿಗೆ ಕಾರಣ ಇತ್ತು.

ಉದ್ಯಮಬಾಗದವ, ಬೆಳಗಾವಿ:

ಕಾಕಾ, ನಿಮ್ಮ ಬೇಡಿಕೆ ಪಟ್ಟಿಗೆ ನಾನು ಒಂದು ಸೇರಿಸ್ತೀನಿ, ಇದು ಒಪ್ಪಂದ ಮುರಿಯದೇ ಮಾಡಬಹುದಾದದ್ದು. ಚೀನಾದ ಒಣದ್ರಾಕ್ಷಿ ಬೇರೆ ದೇಶದ ಹೆಸರಲ್ಲಿ ಒಳಗೆ ಬರ್ತಿದೆ ಅಂತ ಸಾಂಗ್ಲಿ ಕಡೆಯ ಬೆಳೆಗಾರರು ದೂರುತ್ತಿದ್ದಾರೆ. ಸುಂಕ ರಿಯಾಯಿತಿ ಸಿಗೋದು ಅದೇ ದೇಶದಲ್ಲಿ ಬೆಳೆದ ಮಾಲಿಗೆ ಮಾತ್ರ. ನಮ್ಮ ಕಸ್ಟಮ್ಸ್‌ನಲ್ಲಿ 2020ರ ಸೆಪ್ಟೆಂಬರ್ 21ರಿಂದ ಒಂದು ನಿಯಮ ಜಾರಿಯಲ್ಲಿದೆ. ಬರೀ ಮೂಲ ಪ್ರಮಾಣಪತ್ರ ತೋರಿಸಿದರೆ ಸಾಲದು, ಮಾಲು ನಿಜವಾಗಿ ಅಲ್ಲಿಯದೇ ಅನ್ನೋ ಮಾಹಿತಿಯನ್ನು ಆಮದು ಮಾಡುವವನೇ ಇಟ್ಟುಕೊಂಡಿರಬೇಕು, ಅಧಿಕಾರಿ ಕೇಳಿದರೆ ಕೊಡಬೇಕು. ಕೊಡದಿದ್ದರೆ ರಿಯಾಯಿತಿ ತಡೆಹಿಡಿಯಬಹುದು. ನಿಮ್ಮ ಬೆಳೆಗಾರರ ಸಂಘದವರು ಎಲ್ಲ ಒಪ್ಪಂದ ರದ್ದು ಮಾಡಿ ಅಂತ ಮನವಿ ಕೊಡೋದಕ್ಕಿಂತ ಈ ನಿಯಮದ ಪ್ರಕಾರ ಇಂಥ ಮಾಲು ತಪಾಸಣೆ ಮಾಡಿ ಅಂತ ಕೊಟ್ಟರೆ ಅಧಿಕಾರಿಗಳಿಗೆ ಉತ್ತರ ಕೊಡಲೇಬೇಕಾಗುತ್ತೆ.

ತಿಕೋಟಾ ದ್ರಾಕ್ಷಿ, ವಿಜಯಪುರ:

ಇದು ನನಗೆ ಗೊತ್ತಿರಲಿಲ್ಲ ತಮ್ಮಾ. ಆ ನಿಯಮ ಕನ್ನಡದಲ್ಲಿ ಬಿಡಿಸಿ ಬರೆದು ಹಾಕು, ಒಂದು ಪುಟ ಸಾಕು. ಈ ಸೀಜನ್ ಮಾಲು ಮಾರ್ಕೆಟ್ಟಿಗೆ ಹೋಗೋ ಮುಂಚೆ ಸಂಘದ ಸಭೆ ಇದೆ, ಅಲ್ಲಿ ಓದಿ ಹೇಳ್ತೀನಿ.

ಉದ್ಯಮಬಾಗದವ, ಬೆಳಗಾವಿ:

ರವಿವಾರದೊಳಗೆ ಹಾಕ್ತೀನಿ ಕಾಕಾ. ಮಾಸ್ತರೇ, ಬರೆದ ಮೇಲೆ ನೀವು ಒಮ್ಮೆ ಕಣ್ಣಾಡಿಸಿ ಕೊಡಿ.